ದೇವರ ಗೂಡಿನಲ್ಲಿ ಉಳಿದ ಒಂಬತ್ತನೇ ನಂಬರು

ಸುಮಾ, ರಘು, ಪುಟ್ಟ ಗಿರಿಜೆ,

ನಾನು ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತು. ನೀವು ಮೂವರೇ ಸುತ್ತ ಕೂತು “ಅಜ್ಜಿ, ಹೇಳು” ಎಂದರೂ ನನಗೆ ಮಾತು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನ ತವರೂರು ಹೊಳಲೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಒತ್ತಕ್ಷರ ತಪ್ಪಿದರೆ ನಗಬೇಡಿ. ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ನಿಮ್ಮಜ್ಜ ಒಮ್ಮೆ ಭದ್ರಾವತಿಯಿಂದ ಶಿವಮೊಗ್ಗದವರೆಗೆ ಓಟದ ಪಂದ್ಯದಲ್ಲಿ ಓಡಿದ್ದರು ಎಂಬುದನ್ನು ನೀವು ಕೇಳಿದ್ದೀರಿ. ಹೇಗೆ ಓಡಿದರು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣ ನಾನೇ.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಮದುವೆಯಾಗಿ ಒಂದು ವರ್ಷವಾಗಿತ್ತು. ನಿಮ್ಮಜ್ಜ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತರು. ಆ ವರ್ಷ ಎರಡು ಸಲ ಚಳಿಜ್ವರ ಬಂದು ಮೈಯಲ್ಲಿ ಎಲುಬು ಮತ್ತು ಮರ್ಯಾದೆ ಮಾತ್ರ ಉಳಿದಿದ್ದವು. ನೋಡಲು ಬಂದ ನಮ್ಮ ಅಪ್ಪಯ್ಯ ಜಗಲಿಯಲ್ಲಿ ಕೂತವರೇ ಹೇಳಿದರು:

“ಏನು ಅಳಿಯಂದ್ರೇ, ಅಂಗೀನ ಗೂಟಕ್ಕೆ ತಗುಲಿಹಾಕಿದ ಹಾಗೆ ಕಾಣ್ತೀರಿ! ನಾಳೆ ನಮ್ಮ ಹುಡುಗಿಗೂ ಜ್ವರ ಬಂದ್ರೆ ನೋಡೋರು ಯಾರು? ನಿಮ್ಮ ಮೈಗೆ ಬಲ ಬರೋವರೆಗೂ ಇವಳು ನಮ್ಮನೇಲೇ ಇರ್ಲಿ.”

ನಮ್ಮ ಅಕ್ಕನನ್ನೂ ಹೀಗೆಯೇ “ಸ್ವಲ್ಪ ದಿನ” ಎಂದು ಗಂಡನ ಮನೆಯಿಂದ ಕರೆತಂದಿದ್ದರು. ಆ ಸ್ವಲ್ಪ ದಿನಕ್ಕೆ ಆಗಲೇ ಮೂರು ವರ್ಷ ತುಂಬಿತ್ತು! ನನಗೆ ಗಂಡನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಅದನ್ನು ಅಪ್ಪನ ಎದುರು ಹೇಳಲು ನಾಚಿಕೆ. ಹಿಂದಿನ ದಿನ ನಿಮ್ಮಜ್ಜ ಯಾವುದೋ ಓಟದ ಪಂದ್ಯದ ಕರಪತ್ರ ತಂದು ನನಗೆ ಓದಿ ಹೇಳಿದ್ದರು. ಅಡಿಗೆಮನೆಯ ಬಾಗಿಲ ಹಿಂದಿನಿಂದ ನನ್ನ ಬಾಯಿ ತಾನಾಗಿ ಕೂಗಿತು:

“ಅಪ್ಪಯ್ಯ, ಇವರು ಬರೋ ತಿಂಗಳು ಶಿವಮೊಗ್ಗದವರೆಗೂ ಓಡ್ತಾರೆ!”

ಸಂದಿಯಿಂದ ಇಣುಕಿ ನೋಡಿದೆ. ನಿಮ್ಮಜ್ಜನ ಕಾಫಿ ಲೋಟ ಬಾಯಿಗೂ ನೆಲಕ್ಕೂ ನಡುವೆ ನಿಂತುಬಿಟ್ಟಿತ್ತು.

ಅಪ್ಪಯ್ಯ ಪಂಚಾಯ್ತಿಯಲ್ಲಿ ತೀರ್ಪು ಕೊಡುವ ಧ್ವನಿಯಲ್ಲಿ ಹೇಳಿದರು: “ಓಡ್ಲಿ. ನಡುವೆ ಎಲ್ಲೂ ಕೂರಬಾರ್ದು. ಯಾರ ಗಾಡೀನೂ ಹತ್ತಬಾರ್ದು. ಪಂದ್ಯದವರ ಪುಸ್ತಕದಲ್ಲಿ ಹೆಸರು ಬರಬೇಕು. ನಾನು ಶಿವಮೊಗ್ಗದಲ್ಲಿ ಸೇತುವೆ ದಾಟಿದ ಮೇಲೆ ಗಾಡಿ ಕಟ್ಕೊಂಡು ಕಾಯ್ತಿರ್ತೀನಿ. ಇಷ್ಟೂ ಆದ್ರೆ ಮಗಳು ಭದ್ರಾವತೀಲಿ. ಇಲ್ದಿದ್ರೆ ಅದೇ ಗಾಡೀಲಿ ಹೊಳಲೂರಿಗೆ.”

ಅವರು ಹೋದ ಮೇಲೆ ನಿಮ್ಮಜ್ಜ ನನ್ನನ್ನು ನೋಡಿದರು. “ಮಾರಾಯ್ತಿ, ನಾನು ಸುದ್ದಿ ಹೇಳಿದ್ದು. ಹರಕೆ ಹೊತ್ತಿದ್ದಲ್ಲ!”

ಆದರೂ ಮರುದಿನದಿಂದ ಅಭ್ಯಾಸ ಶುರುವಾಯಿತು. ಮೊದಲ ದಿನ ಬೀದಿಯ ಕೊನೆಯವರೆಗೆ ಓಡಿದರು. ಬರುವಾಗ ನಡೆದುಕೊಂಡು ಬಂದರು. ಕೈಯಲ್ಲಿ ಬದನೆಕಾಯಿ ಇತ್ತು. ವಾರ ಕಳೆಯುವುದರೊಳಗೆ ಹೊಳೆಯವರೆಗೆ ಓಡತೊಡಗಿದರು. ಪಕ್ಕದ ಮನೆಯ ಪೊನ್ನಮ್ಮನಿಗೆ ಚಿಂತೆ ಹತ್ತಿತು.

“ಯಾಕಮ್ಮಾ, ನಿಮ್ಮ ಯಜಮಾನ್ರು ದಿನಾ ಮನೆ ಬಿಟ್ಟು ಓಡಿಹೋಗ್ತಾರೆ?” ಎಂದು ಗುಟ್ಟಾಗಿ ಕೇಳಿದಳು. “ಅದಿರ್ಲಿ, ದಿನಾ ವಾಪಸ್ಸು ಯಾಕೆ ಬರ್ತಾರೆ?”

ಪಂದ್ಯದ ಹಿಂದಿನ ದಿನ ಒಂದು ಬಿಳಿ ಬಟ್ಟೆಯ ತುಂಡು ತಂದರು. ಅದರ ಮೇಲೆ ಕಪ್ಪು ಮಸಿಯಲ್ಲಿ ದೊಡ್ಡದಾಗಿ ಒಂಬತ್ತು ಎಂದು ಬರೆದಿತ್ತು. “ಇದನ್ನ ಅಂಗಿ ಬೆನ್ನಿಗೆ ಹೊಲಿ. ಇದಿಲ್ದೆ ಹೋದ್ರೆ ನಾನು ಕಾಶಿವರೆಗೆ ಓಡಿದ್ರೂ ಪುಸ್ತಕದಲ್ಲಿ ಬರೆಯೋದಿಲ್ಲ” ಎಂದರು.

ಇಷ್ಟು ದೊಡ್ಡ ವಸ್ತುವನ್ನು ಪೂಜೆ ಮಾಡದೆ ಹೊಲಿಯುವುದುಂಟೆ? ದೇವರ ಗೂಡಿನಲ್ಲಿಟ್ಟೆ. ಎರಡು ಕಡೆ ಕುಂಕುಮ ಹಚ್ಚಿದೆ. ಸಾಲದೆಂದು ಇನ್ನೂ ನಾಲ್ಕು ಕಡೆ ಹಚ್ಚಿದೆ. ಮೇಲೆ ಒಂದು ದಾಸವಾಳ ಇಟ್ಟೆ. ಬೆಳಿಗ್ಗೆ ಎದ್ದು ಹೊಲಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಒಲೆಯ ಮೇಲೆ ಉಪ್ಪಿಟ್ಟು. ಹೊರಗೆ ಚಳಿ. ಜ್ವರ ಮರುಕಳಿಸಬಾರದೆಂದು ನಿಮ್ಮಜ್ಜನ ಎರಡು ಕಿವಿಗೂ ಹತ್ತಿ ತುರುಕಿ, ಮೇಲೆ ಮಫ್ಲರು ಬಿಗಿದು, ಅಂಗಿಯ ಮೇಲೆ ಶಾಲು ಹೊದಿಸಿದೆ. “ನಂಬರು ಹೊಲಿದ್ಯಾ?” ಎಂದು ಕೇಳಿದರು. ಉಪ್ಪಿಟ್ಟು ತಳ ಹತ್ತುತ್ತಿತ್ತು. “ಹ್ಞೂಂ” ಎಂದೆ.

ಅವರು ಹೋದರು. ಉಪ್ಪಿಟ್ಟು ಉಳಿಯಿತು. ಸ್ನಾನ ಮಾಡಿ ದೀಪ ಹಚ್ಚಲು ಹೋದೆ. ದೇವರುಗಳ ನಡುವೆ ಒಂಬತ್ತನೇ ನಂಬರು ತಲೆಯ ಮೇಲೆ ದಾಸವಾಳ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು!

ಅದನ್ನು ಎತ್ತಿಕೊಂಡು ಹೊರಟೆ. ಅಷ್ಟರಲ್ಲಿ ಪಂದ್ಯ ಬಿಟ್ಟು ಬಹಳ ಹೊತ್ತಾಗಿತ್ತು. ಶಿವಮೊಗ್ಗದ ಬಸ್ಸು ನಿಂತಿತ್ತು, ಹತ್ತಿದೆ. ಆಗ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಗೌರವಕ್ಕೆ ಹೇಳುವ ಮಾತು. ಹೇಗೋ ಆರೇಳು ಮೈಲಿ ಹೋಗುವಾಗ ಬಸ್ಸು ನಿಮ್ಮಜ್ಜನನ್ನು ಹಿಂದೆ ಹಾಕಿತು. ಕಿಟಕಿಯಿಂದ ಕೂಗಲು ನಾಚಿಕೆಯಾಯಿತು. ಮುಂದಿನ ಊರು ಮಲವಗೊಪ್ಪದಲ್ಲಿ ಇಳಿದು, ದಾರಿಯಲ್ಲಿ ಕಾದು ನಿಂತು, ಮರ್ಯಾದೆಯಾಗಿ ಬಟ್ಟೆ ಕೊಡೋಣ ಎಂದು ಲೆಕ್ಕ ಹಾಕಿದೆ. ಮಲವಗೊಪ್ಪಕ್ಕೆ ಇನ್ನೂ ಒಂದು ಮೈಲಿ ಇರುವಾಗ ಬಸ್ಸು ಕೆಮ್ಮಿ, ನಡುಗಿ, ನಿಂತಿತು.

“ಇದ್ದಿಲು ತಣ್ಣಗಾಗಿದೆ, ಎಲ್ಲಾ ಇಳೀರಿ!” ಎಂದ ಡ್ರೈವರು.

ಗಂಡಸರೆಲ್ಲ ಬಸ್ಸು ತಳ್ಳಲು ನಿಂತರು. ಅಷ್ಟು ಗಂಡಸರನ್ನು ನೋಡಿ ನಾನು ರಸ್ತೆಗೆ ಬೆನ್ನು ಮಾಡಿ, ಒಂದು ಮರವನ್ನೇ ನೋಡುತ್ತಾ ನಿಂತೆ. ಸಾಕಷ್ಟು ನಾಚಿಕೊಂಡ ಮೇಲೆ ತಿರುಗಿದೆ. ದೂರದಲ್ಲಿ ಕಂಡದ್ದು, ಆಗಲೇ ನನ್ನನ್ನು ದಾಟಿ ಹೋಗಿದ್ದ ನಿಮ್ಮಜ್ಜನ ಬೆನ್ನು. ಶಾಲು ಎಲ್ಲೋ ಬಿಟ್ಟಿದ್ದರು. ಬೆನ್ನು ಬರಿದೋ ಬರಿದು!

ಓಡಿದೆ. ಕರು ತಪ್ಪಿಸಿಕೊಂಡಾಗ ಹೊಳಲೂರಿನ ಗದ್ದೆ ಬದುವಿನ ಮೇಲೆ ಓಡಿದವಳು ನಾನು. ಕಾಲಿಗೆ ಅಭ್ಯಾಸವಿತ್ತು, ಸೀರೆಗೆ ಇರಲಿಲ್ಲ. “ರೀ! ನಿಲ್ರೀ!” ಎಂದು ಕೂಗಿದೆ. ಕೇಳಿಸುವುದಾದರೂ ಹೇಗೆ? ಕಿವಿಗೆ ಹತ್ತಿ ತುರುಕಿದ ಮಹಾತಾಯಿ ನಾನೇ! ಕೈ ಬೆವೆತು ಕುಂಕುಮ ಕರಗಿ ಬಟ್ಟೆಯೆಲ್ಲ ಕೆಂಪಾಯಿತು. ಅದೇ ಕೈಯಲ್ಲಿ ಮುಖ ಒರೆಸಿಕೊಂಡೆ. ಮುಖವೂ ಕೆಂಪಾಯಿತು.

ಮಕ್ಕಳೇ, ಆ ಕಾಲದಲ್ಲಿ ರಸ್ತೆಯ ಮೇಲೆ ಓಡುವವರು ಎಂದರೆ ಕಳ್ಳರು ಅಥವಾ ಕಳ್ಳರನ್ನು ಹಿಡಿಯುವವರು. ಪಂದ್ಯದ ಓಟಗಾರರನ್ನು ಮಲವಗೊಪ್ಪದವರು ಬೆಳಿಗ್ಗೆಯೇ ನೋಡಿ, ಚಪ್ಪಾಳೆ ತಟ್ಟಿ, ಓಟ ಮುಗಿಯಿತೆಂದು ಕೆಲಸಕ್ಕೆ ತಿರುಗಿದ್ದರು. ನಿಮ್ಮಜ್ಜ ಅಷ್ಟು ಹಿಂದೆ ಬಿದ್ದಿದ್ದರು! ಈಗ ಊರವರ ಕಣ್ಣಿಗೆ ಬಿದ್ದದ್ದು ಮುಖಕ್ಕೆ ಮಫ್ಲರು ಸುತ್ತಿಕೊಂಡು ಓಡುವ ಒಬ್ಬ ಗಂಡಸು. ಹಿಂದೆ ತಲೆ ಕೆದರಿ, ಕೆಂಪು ಬಟ್ಟೆ ಬೀಸುತ್ತಾ ಕೂಗುವ ಒಬ್ಬ ಹೆಂಗಸು.

“ಅಯ್ಯಯ್ಯೋ, ರಕ್ತ ಕಣ್ರೋ! ಹಿಡೀರಿ ಅವನ್ನ!”

ನಾನು ತಲುಪುವಷ್ಟರಲ್ಲಿ ನಿಮ್ಮಜ್ಜನ ಮಫ್ಲರನ್ನೂ ಕಿವಿಯ ಹತ್ತಿಯನ್ನೂ ಕಿತ್ತು, ಅವರನ್ನು ಹುಣಸೆ ಮರಕ್ಕೆ ಕಟ್ಟಿ ಆಗಿತ್ತು. ಸುತ್ತ ಮೂವತ್ತು ಜನ. ಊರಿನ ಪಟೇಲರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ವಿಚಾರಣೆ ಆರಂಭಿಸಿದರು.

“ಯಾಕೋ ಓಡ್ತಿದ್ದೆ?”

“ಪಂದ್ಯ ಸ್ವಾಮಿ! ಓಟದ ಪಂದ್ಯ!”

“ಪಂದ್ಯದೋರಿಗೆಲ್ಲ ನಂಬರ್ ಇತ್ತು. ನಿನ್ನದೆಲ್ಲಿ?”

“ಬೆನ್ನ ಮೇಲಿದೆ, ನೋಡ್ಕೊಳ್ಳಿ!” ಎಂದರು ನಿಮ್ಮಜ್ಜ, ಎದೆಯುಬ್ಬಿಸಿ.

ನಾಲ್ಕು ಜನ ಮರ ಸುತ್ತಿ, ಹಗ್ಗ ಸರಿಸಿ, ಬೆನ್ನು ನೋಡಿದರು. “ಏನೂ ಇಲ್ಲ ಪಟೇಲ್ರೇ. ಸುಳ್ಳು ಬೇರೆ ಹೇಳ್ತಾನೆ!” ಹಗ್ಗ ಇನ್ನೊಂದು ಸುತ್ತು ಬಿಗಿಯಿತು.

ಆಗ ನಿಮ್ಮಜ್ಜ ನನ್ನನ್ನು ಕಂಡರು. “ಅಗೋ, ನನ್ನ ಹೆಂಡ್ತಿ! ಅವಳನ್ನೇ ಕೇಳಿ!”

“ಹೆಂಡ್ತಿ ಆದ್ರೆ ಅವಳನ್ನ ಕಂಡು ಯಾಕೋ ಓಡ್ತಿದ್ದೆ?”

“ಹೆಂಡ್ತಿ ಆಗಿರೋದ್ರಿಂದ್ಲೇ ಓಡಿರಬೌದು” ಎಂದ ಹಿಂದಿನಿಂದ ಒಬ್ಬ ಮುದುಕ, ಅನುಭವದ ಧ್ವನಿಯಲ್ಲಿ.

ಪಟೇಲರು ನನ್ನ ಕಡೆ ತಿರುಗಿದರು. “ಹೆದರ್ಕೋಬೇಡ ತಾಯಿ. ಇವನು ನಿನ್ನ ಗಂಡನಾ?”

ಮೂವತ್ತು ಜೊತೆ ಕಣ್ಣು ನನ್ನ ಮೇಲೆ! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ ಇಲ್ಲವೆಂದು ಆಡಿಸಿದೆನೋ, ಇಂದಿಗೂ ತಿಳಿಯದು.

“ಪಾಪ, ಎಷ್ಟು ಹೆದರಿದಾಳೆ” ಎಂದರು ಜನ. ಹಗ್ಗ ಮತ್ತೊಂದು ಸುತ್ತು!

ಪಟೇಲರು ಬುದ್ಧಿವಂತರು. ನಿಮ್ಮಜ್ಜನ ಬಾಯಿಗೆ ಕಿವಿಯಿಟ್ಟು ಹೆಸರು ಕೇಳಿಕೊಂಡು ಬಂದರು. “ಈಗ ನೀನು ನಿನ್ನ ಗಂಡನ ಹೆಸರು ಹೇಳು. ಎರಡೂ ಒಂದೇ ಆದ್ರೆ ಬಿಟ್ಬಿಡ್ತೀವಿ.”

ಗಂಡನ ಹೆಸರು! ಬಾಯಿಬಿಟ್ಟು! ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಕಲಿಸಿದ್ದಳು. ಹೇಳದಿದ್ದರೂ ಮರದ ಬುಡದಲ್ಲೇ ಕಡಿಮೆಯಾಗುವ ಹಾಗೆ ಕಾಣುತ್ತಿತ್ತು. ಬಾಯಿಗೆ ತಾನೇ ಅಡ್ಡಿ, ಬೆರಳಿಗೆ ಇಲ್ಲವಲ್ಲ ಎಂದು ಕೂತು ಮಣ್ಣಿನ ಮೇಲೆ ಗುಂಡಗೆ ಬರೆದೆ. ಎಲ್ಲರೂ ಬಗ್ಗಿ ನೋಡಿದರು. ಅಷ್ಟು ಜನರಲ್ಲಿ ಓದು ಬಲ್ಲವರು ಒಬ್ಬರೇ ಇದ್ದರು. ಅವರನ್ನು ಮರಕ್ಕೆ ಕಟ್ಟಿದ್ದರು!

ಕೊನೆಗೆ ಸೊಪ್ಪಿನ ಹೊರೆ ಇಳಿಸಿ ನಿಂತಿದ್ದ ಒಬ್ಬ ಅಜ್ಜಿ ಪಟೇಲರನ್ನು ಗದರಿದಳು. “ನಿಮಗೇನು ತಿಳಿಯುತ್ತೆ? ಮರ್ಯಾದಸ್ತ ಹೆಂಗಸು ಗಂಡನ ಹೆಸರನ್ನ ಹಂಗೇ ಹೇಳ್ತಾಳಾ? ಒಡಪು ಕಟ್ಟಿ ಹೇಳ್ಲಿ. ಹೇಳೇ ನನ್ನವ್ವ, ಆರತಿ ಎತ್ತೋವಾಗ ಹೇಳಲ್ವಾ, ಹಂಗೆ!”

ಮದುವೆಮನೆಯಲ್ಲಿ ಹೆಂಗಸರು ಪ್ರಾಸದ ಪದ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದನ್ನು ನೀವು ನೋಡಿದ್ದೀರಿ. ನನ್ನ ಮದುವೆಯಲ್ಲಿ ಒಂದು ಸಾಲು ಹೇಳಿಸಲು ಅತ್ತಿಗೆಯರು ಅರ್ಧ ದಿನ ಕಾದಿದ್ದರು. ಈಗ ಕಾಯುವಂತಿರಲಿಲ್ಲ. ಸೇತುವೆಯ ಆಚೆ ಅಪ್ಪಯ್ಯನ ಗಾಡಿ ಕಟ್ಟಿ ನಿಂತಿತ್ತು. ನಾನು ಕಣ್ಣು ಮುಚ್ಚಿದೆ. ಸರಸ್ವತಿ ಒಲಿದಳೋ ಭಯ ಒಲಿಯಿತೋ, ದೊಡ್ಡ ಗಂಟಲಿನಲ್ಲಿ ಹೇಳಿಯೇಬಿಟ್ಟೆ:

“ಭದ್ರೆ ದಂಡೇಲಿ ಮನೆ ಮಾಡಿ,
ತುಂಗೆ ದಂಡೆಗೆ ಓಡಿ ಓಡಿ,
ಹುಣಸೆ ಮರಕ್ಕೆ ಕಟ್ಟಿಸ್ಕೊಂಡೋರು ——ನೋರು,
ಹಗ್ಗ ಬಿಚ್ಚಿ ಕಳಿಸ್ರಪ್ಪ ನನ್ನ ಜೋಡಿ!”

ಗೆರೆ ಎಳೆದ ಕಡೆ ಹೆಸರು ಹೇಳಿದೆ. ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಒಮ್ಮೆ ಕೂಗಿ ಹೇಳಿದ್ದೇ ಸಾಕು.

ಹೆಂಗಸರು ಕೇಕೆ ಹಾಕಿದರು. ಪಟೇಲರು “ಭೇಷ್!” ಎಂದರು. ಆ ಮುದುಕ “ಇನ್ನೊಂದು ಹೇಳಮ್ಮ” ಎಂದ! ಹಗ್ಗ ಬಿಚ್ಚಿದರು. ಅಜ್ಜಿ ಬೇಲಿಯಿಂದ ಎರಡು ಜಾಲಿ ಮುಳ್ಳು ಮುರಿದು ಕೊಟ್ಟಳು. ಆ ಮುಳ್ಳಿನಿಂದ ಒಂಬತ್ತನೇ ನಂಬರನ್ನು ನಿಮ್ಮಜ್ಜನ ಬೆನ್ನಿಗೆ ಚುಚ್ಚಿದೆ. ಅಂಗಿಗೆ ಚುಚ್ಚಿದೆ ಎಂದುಕೊಂಡಿದ್ದೆ. ಅವರು “ಅಯ್ಯಮ್ಮಾ!” ಎಂದು ಹಾರಿದ ರಭಸ ನೋಡಿದರೆ ಒಳಗೂ ತಾಗಿರಬೇಕು. ಅಂದು ಅವರು ನಿಜವಾಗಿ ಓಡಿದ್ದು ಅಲ್ಲಿಂದ ಮುಂದಕ್ಕೆ.

ನಾನು ಅಲ್ಲೇ ಉಳಿದು ಬಸ್ಸಿಗೆ ಕಾಯಬಹುದಿತ್ತು. ಆದರೆ ಮೂವತ್ತು ಜನರ ಎದುರು ಗಂಡನ ಹೆಸರು ಕೂಗಿದ ಹೆಂಗಸು ಆ ಊರಿನಲ್ಲಿ ಇನ್ನೊಂದು ನಿಮಿಷ ನಿಲ್ಲುವುದು ಹೇಗೆ? ನಾನೂ ಓಡಿದೆ. ಅವರನ್ನು ಮುಳ್ಳು ಓಡಿಸಿತು, ನನ್ನನ್ನು ನಾಚಿಕೆ ಓಡಿಸಿತು. ಮೂರು ಮೈಲಿ!

ಸೇತುವೆ ದಾಟಿದಾಗ ಪಂದ್ಯದವರು ಬಾವುಟ ಸುತ್ತುತ್ತಿದ್ದರು. ಮೇಜನ್ನು ಆಗಲೇ ಯಾರೋ ಹೊತ್ತುಕೊಂಡು ಹೋಗಿದ್ದರು. ಪುಸ್ತಕ ಹಿಡಿದವರೊಬ್ಬರು ಟೋಪಿ ಹಾಕಿಕೊಂಡು ಹೊರಟಿದ್ದರು. ನಿಮ್ಮಜ್ಜ ಅವರ ಎದುರು ಹೋಗಿ, ಮಾತು ಬಾರದೆ, ಬೆನ್ನು ತಿರುಗಿಸಿ ನಿಂತರು. ಅವರು ಕನ್ನಡಕ ಏರಿಸಿ ಕುಂಕುಮದ ಕೆಳಗೆ ಹುಡುಕಿದರು.

“ಒಂಬತ್ತು... ಸರಿ. ಕೊನೆಯವರು ಅಂತ ಬರೀತೀನಿ.”

“ಸ್ವಾಮಿ, ತಡೀರಿ” ಎಂದರು ನಿಮ್ಮಜ್ಜ ಏದುಸಿರಿನಲ್ಲಿ. “ನನ್ನ ಹಿಂದೆ ಇನ್ನೊಬ್ರು ಬರ್ತಿದಾರೆ.”

ಅವರು ನೋಡಿದರು. ನಾನು ಬರುತ್ತಿದ್ದೆ. ಹೆಂಡತಿ ಗಂಡನಿಗಿಂತ ಹತ್ತು ಹೆಜ್ಜೆ ಹಿಂದೆ ಇರಬೇಕು ಎಂಬ ಸಂಪ್ರದಾಯದಿಂದ ನಿಮ್ಮಜ್ಜನಿಗೆ ಜೀವನದಲ್ಲಿ ಆದ ಲಾಭ ಅದೊಂದೇ!

“ಇವರ ಹೆಸರು?” ಎಂದು ಕೇಳಿದರು ಪುಸ್ತಕದವರು.

ಈಗ ನಾಚಿಕೊಳ್ಳುವ ಸರದಿ ನಿಮ್ಮಜ್ಜನದು. “ನಮ್ಮ... ನಮ್ಮನೆಯೋರು” ಎಂದು ನೆಲ ನೋಡಿದರು. ಪುಸ್ತಕದವರು ನಕ್ಕು, ನಿಮ್ಮಜ್ಜನ ಹೆಸರು ಮಾತ್ರ ಬರೆದು, ಪುಸ್ತಕ ಮುಚ್ಚಿದರು.

ಅಪ್ಪಯ್ಯ ಗಾಡಿಯಿಂದ ಇಳಿದು ಬಂದರು. ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

“ನಡುವೆ ಎಲ್ಲಾದ್ರೂ ಕೂತಿದ್ರಾ?”

“ಇಲ್ಲ ಮಾವ. ಸ್ವಲ್ಪ ಹೊತ್ತು ನಿಂತಿದ್ದೆ. ಕೂರೋಣ ಅಂದ್ರೂ ಬಿಡ್ಲಿಲ್ಲ.”

ಅಪ್ಪಯ್ಯ ಆಮೇಲೆ ನನ್ನನ್ನು ನೋಡಿದರು. ಕೆದರಿದ ತಲೆ, ಕೆಂಪು ಮುಖ, ಮೊಣಕಾಲವರೆಗೆ ಧೂಳು. ನಾನು ಬಸ್ಸು, ದೇವರ ಗೂಡು, ಹುಣಸೆ ಮರ ಯಾವುದನ್ನೂ ಹೇಳಲಿಲ್ಲ. ಸೆರಗು ಎಳೆದುಕೊಂಡು ನಿಮ್ಮಜ್ಜನ ಹಿಂದೆ ಅಡಗಿ ನಿಂತೆ. ಗಾಡಿಯಲ್ಲಿ ನನಗಾಗಿ ಹುಲ್ಲಿನ ಮೇಲೆ ಜಮಖಾನ ಹಾಸಿದ್ದರು. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಅಪ್ಪಯ್ಯ ಎತ್ತಿನ ಬೆನ್ನು ತಟ್ಟಿ ಹೇಳಿದರು: “ಅಳಿಯಂದ್ರೇ, ನೀವು ಗೆದ್ದಿರೋ ಸೋತಿರೋ ನನಗೆ ಗೊತ್ತಾಗ್ಲಿಲ್ಲ. ಆದ್ರೆ ಇವಳನ್ನ ನಾನು ಇವತ್ತು ಹೊಳಲೂರಿಗೆ ಕರ್ಕೊಂಡು ಹೋದ್ರೆ ನಾಳೆ ಬೆಳಿಗ್ಗೆ ಭದ್ರಾವತಿಗೆ ಓಡಿ ಬಂದಿರ್ತಾಳೆ. ಸುಮ್ನೆ ಎತ್ತಿಗೆ ಯಾಕೆ ತೊಂದ್ರೆ? ಹತ್ತಿ ಇಬ್ರೂ. ನಿಮ್ಮನೆಗೇ ಬಿಟ್ಟು ಬರ್ತೀನಿ.”

ಗಾಡಿ ಭದ್ರಾವತಿಯ ಕಡೆಗೆ ತಿರುಗಿತು. ಮಲವಗೊಪ್ಪ ಬಂದಾಗ ನಾನು ಜಮಖಾನದ ಕೆಳಗೆ ಮಲಗಿದ್ದೆ. ಪಕ್ಕದಲ್ಲಿ ನೋಡಿದರೆ ನಿಮ್ಮಜ್ಜನೂ ಅಲ್ಲೇ ಇದ್ದರು!

ಅಂದಿನಿಂದ ಯಾರು ಕೇಳಿದರೂ ಅವರು “ನಾನು ಕೊನೆಯವನಲ್ಲ, ಕೊನೆಯಿಂದ ಎರಡನೆಯವನು” ಎಂದು ಗಂಭೀರವಾಗಿ ಹೇಳುತ್ತಿದ್ದರು. ಕೊನೆಯವರು ಯಾರು ಎಂದು ಕೇಳಿದರೆ ನನ್ನ ಕಡೆ ಒಮ್ಮೆ ನೋಡಿ ಮಾತು ಬದಲಿಸುತ್ತಿದ್ದರು. ಈಗ ಹಾಗೆ ನೋಡುವವರೂ ಇಲ್ಲ. ಪಂದ್ಯದವರ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಆದ್ದರಿಂದ, ಮಕ್ಕಳೇ, ಈ ಹಾಳೆಗಳನ್ನು ಒದ್ದೆಯಾಗದ ಹಾಗೆ, ಇಲಿ ಕಡಿಯದ ಹಾಗೆ ಇಟ್ಟುಕೊಳ್ಳಿ. ನಿಮ್ಮಜ್ಜಿ ತನ್ನ ಜೀವನದಲ್ಲಿ ಒಂದೇ ಒಂದು ಪಂದ್ಯ ಓಡಿ, ಎಲ್ಲರಿಗಿಂತ ಕೊನೆಗೆ ಬಂದಳು ಎಂಬುದಕ್ಕೆ ಬೇರೆ ಯಾವ ದಾಖಲೆಯೂ ಇಲ್ಲ.