ರಾಜಕುಮಾರನಿಗೆ ನಾನು ಹಾಸಿಕೊಟ್ಟ ಹಾಸಿಗೆ

ಇಪ್ಪತ್ತು ವರ್ಷ ಇಗರ್ಜಿಯ ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸಿದವಳಿಗೆ ಒಂದು ಶಾಲಾ ನಾಟಕ ಯಾವ ಲೆಕ್ಕ ಎಂದುಕೊಂಡಿದ್ದೆ. ಶಿರ್ವದ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಆ ವರ್ಷ ನಮ್ಮ ಸಂಚಾಲಕರು ಮಣಿಪಾಲದಲ್ಲಿ ಯಾವುದೋ ಸಂಗೀತ ನಾಟಕ ನೋಡಿ ಬಂದರು. ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳೂ ಅಂಥದ್ದೊಂದು ಮಾಡಬೇಕು, ರಾಜ, ಮಾಟಗಾತಿ ಎಲ್ಲ ಇರಬೇಕು, ಮಾತಿಗಿಂತ ಹಾಡೇ ಹೆಚ್ಚಿರಬೇಕು ಎಂದರು. ಸಭೆಯಲ್ಲಿದ್ದ ಅಧ್ಯಾಪಕರೆಲ್ಲ ಏಕಕಾಲಕ್ಕೆ ಡೈರಿ ತೆರೆದು ಏನೋ ಬರೆಯತೊಡಗಿದರು. ತಲೆ ಎತ್ತಿ ಕುಳಿತಿದ್ದವಳು ನಾನೊಬ್ಬಳೇ!

ಕಥೆಯನ್ನೂ ನಾನೇ ಹೆಣೆದೆ. ಮಾಟಗಾತಿಯ ಶಾಪದಿಂದ ಒಬ್ಬ ರಾಜಕುಮಾರನಿಗೆ ನಿದ್ದೆ ಬರುವುದಿಲ್ಲ. ಅವನನ್ನು ಮಲಗಿಸಿದವರಿಗೆ ಅರ್ಧ ರಾಜ್ಯ ಎಂದು ರಾಜ ಡಂಗುರ ಸಾರಿಸುತ್ತಾನೆ. ವೈದ್ಯ, ಮಂತ್ರಿ, ಸೇನಾಪತಿ ಎಂದು ಆರು ಮಂದಿ ಒಬ್ಬೊಬ್ಬರಾಗಿ ಬಂದು ಹಾಡುತ್ತಾರೆ. ಪ್ರತಿ ಹಾಡಿನ ಕೊನೆಗೆ ರಾಜಕುಮಾರ ಎದ್ದು ಕುಳಿತು, "ನನಗೆ ನಿದ್ದೆಯೇ ಬರುತ್ತಿಲ್ಲ" ಎನ್ನಬೇಕು. ಇಡೀ ನಾಟಕದಲ್ಲಿ ಅವನಿಗಿದ್ದ ಮಾತು ಅದೊಂದೇ. ಕೊನೆಗೆ ಕಾಡಿನ ಅಜ್ಜಿ ಏಳನೆಯ ಹಾಡು ಹಾಡಿ ಮಲಗಿಸುತ್ತಾಳೆ.

ಅಜ್ಜಿಯ ಪಾತ್ರಕ್ಕೆ ಒಂಬತ್ತನೆಯ ತರಗತಿಯ ಶಮೀನಾಳನ್ನು ಆರಿಸಿದೆ. ಅಂಥ ಸ್ವರ ನಮ್ಮ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಅವಳ ತಂದೆಗೆ ಕಾಪು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಮಗಳು ವೇದಿಕೆಯಲ್ಲಿ ಹಾಡುವುದು ಅವರಿಗೆ ಅಷ್ಟು ಸರಿಬರಲಿಲ್ಲ. ನಾನು ಎರಡು ಸಲ ಅಂಗಡಿಗೆ ಹೋಗಿ, ಅವರು ತರಿಸಿಕೊಟ್ಟ ಶರಬತ್ತು ಕುಡಿದು, ಒಂದೇ ಹಾಡು, ಅದೂ ಮುದುಕಿಯ ವೇಷ ಎಂದು ಒಪ್ಪಿಸಿದೆ. ತಾವೂ ನೋಡಲು ಬರುವುದಾಗಿ ಹೇಳಿದರು.

ತಾಲೀಮು ಜುಲೈಯಲ್ಲಿ ಶುರುವಾಯಿತು. ಆಗಸ್ಟಿನಲ್ಲಿ ಮಂತ್ರಿಯ ಸ್ವರ ಒಡೆಯಿತು. ಸೇನಾಪತಿ ಪ್ರತಿ ಸಲ ಯಕ್ಷಗಾನದ ಗಿರಕಿ ಹೊಡೆಯುತ್ತಲೇ ಒಳಗೆ ಬರುತ್ತಿದ್ದ. ನಡೆದು ಬಾ ಎಂದರೆ ಅವನಿಗೆ ಹಾಡೇ ಮರೆತುಹೋಗುತ್ತಿತ್ತು. ಸಮಯ ಸಾಲದೆ ಬೆಳಿಗ್ಗೆ ಏಳಕ್ಕೇ ಮಕ್ಕಳನ್ನು ಕರೆಸತೊಡಗಿದೆ. ನನ್ನವರು ಅಂಗಳದಲ್ಲಿ ಮಲ್ಲಿಗೆ ಕೊಯ್ಯುತ್ತಾ, "ಹಿಲ್ಡಾ, ಮಕ್ಕಳಿಗೂ ಸುಸ್ತು ಅಂತ ಒಂದು ಉಂಟಲ್ವಾ?" ಎಂದು ಕೇಳಿದ್ದುಂಟು. ಸಂಗೀತದ ಗಂಧವಿಲ್ಲದವರ ಜೊತೆ ವಾದ ಏಕೆಂದು ನಾನು ಸ್ಕೂಟರ್ ಹತ್ತಿದೆ.

ಕೊನೆಯ ವಾರ ಎಲ್ಲರಿಗೂ ಖಡಾಖಂಡಿತ ಸೂಚನೆ ಕೊಟ್ಟೆ. ರಾಜಕುಮಾರನಾದ ರಕ್ಷಿತನಿಗೆ, ಹಾಡು ನಡೆಯುವಾಗ ಕಣ್ಣು ಮುಚ್ಚಿಕೊ, ಭಾವ ಬರುತ್ತದೆ ಎಂದೆ. ರಾಜನಿಗೆ, ಮಗ ಮಲಗಿದ ಕೂಡಲೇ ರಾಜ್ಯ ಕೊಟ್ಟುಬಿಡು, ನನ್ನ ಮುಖ ನೋಡುತ್ತಾ ನಿಲ್ಲಬೇಡ ಎಂದೆ. ಪರದೆಯ ಹಗ್ಗ ಹಿಡಿದಿದ್ದ ಪಿ.ಟಿ. ಮಾಸ್ಟ್ರಿಗೆ, ರಾಜ್ಯ ಕೊಟ್ಟ ಮರುಕ್ಷಣ ಪರದೆ ಎಳೆಯಬೇಕು ಎಂದೆ. ಶಾಲೆಯ ಬೆಂಚು ಅರಮನೆಗೆ ಶೋಭಿಸುವುದಿಲ್ಲವೆಂದು ನಮ್ಮ ಮನೆಯ ಫೋಮ್ ಹಾಸಿಗೆಯನ್ನೇ ರಿಕ್ಷಾದಲ್ಲಿ ಸಾಗಿಸಿದೆ. ಮಂಚದ ಸುತ್ತ ಕಟ್ಟಿದ ರೇಷ್ಮೆ ಸೀರೆಗಳು ಹಾರಾಡಲೆಂದು ಪಕ್ಕದಲ್ಲಿ ಒಂದು ಫ್ಯಾನನ್ನೂ ಇರಿಸಿದೆ.

ವಾರ್ಷಿಕೋತ್ಸವದ ಹಿಂದಿನ ರಾತ್ರಿಯೆಲ್ಲ ರಕ್ಷಿತ ಕಾರ್ಕಳದ ಸೋದರಮಾವನ ಮನೆಯ ಭೂತದ ನೇಮದಲ್ಲಿ ಕುಳಿತಿದ್ದ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಪರದೆ ಎದ್ದಿತು. ಮೊದಲು ಬಂದದ್ದು ರಾಜವೈದ್ಯ ಅಶ್ವಿನ್. ನಾನು ಪರದೆಯ ಪಕ್ಕದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಹಾಡು ಮುಗಿಯಿತು. ರಕ್ಷಿತ ಏಳಲಿಲ್ಲ. ಭಾವಪೂರ್ಣ ಮೌನ ಎಂದುಕೊಂಡೆ. ಅಷ್ಟರಲ್ಲಿ ಅವನ ಕಾಲರಿಗೆ ಸಿಕ್ಕಿಸಿದ್ದ ಮೈಕಿನಿಂದ ಇಡೀ ಮೈದಾನಕ್ಕೆ ಗೊರಕೆ ಕೇಳಿಸಿತು!

ಸೋಲಬೇಕಾಗಿದ್ದ ವೈದ್ಯ ಗೆದ್ದುಬಿಟ್ಟಿದ್ದ. ಅಶ್ವಿನ್ ಒಮ್ಮೆ ಮಂಚದ ಕಡೆ ನೋಡಿದ, ಒಮ್ಮೆ ರಾಜನ ಕಡೆ ನೋಡಿದ.

"ಮಹಾಪ್ರಭು, ಅರ್ಧ ರಾಜ್ಯ" ಎಂದ.

ರಾಜ ನನ್ನ ಮುಖ ನೋಡಲಿಲ್ಲ. ಕಿರೀಟ ತೆಗೆದು ಕೊಟ್ಟೇಬಿಟ್ಟ. ಪರದೆ ಬಿತ್ತು. ನಾಟಕ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆರು ತಿಂಗಳಲ್ಲಿ ಮೊದಲ ಬಾರಿಗೆ ಎಲ್ಲರೂ ನಾನು ಹೇಳಿದಂತೆಯೇ ಮಾಡಿದ್ದರು.

ಜನರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ನಾನು ಕೀಬೋರ್ಡಿನ ಮುಂದೆ ಹಾಗೆಯೇ ಕುಳಿತಿದ್ದೆ. ಪಕ್ಕದಲ್ಲಿ ಮಂತ್ರಿಯೂ ಸೇನಾಪತಿಯೂ ಶಿಕ್ಷೆಯಿಂದ ಪಾರಾದವರಂತೆ ನಗುತ್ತಿದ್ದರು. ಅವರ ಹಿಂದೆ ಶಮೀನಾ, ಕೂದಲಿಗೆ ಬಿಳಿ ಪೌಡರ್ ಹಚ್ಚಿಕೊಂಡು, ಊರುಗೋಲು ಹಿಡಿದು ನಿಂತಿದ್ದಳು.

"ಟೀಚರ್, ಅಪ್ಪ ಅಂಗಡಿ ಮುಚ್ಚಿ ಬಂದಿದ್ದಾರೆ" ಎಂದಳು. "ನಾನು ಹೋಗ್ತೇನೆ" ಎಂದಳು.

ನನ್ನ ಉತ್ತರಕ್ಕೆ ಅವಳು ಕಾಯಲೂ ಇಲ್ಲ. ಪಿ.ಟಿ. ಮಾಸ್ಟ್ರು ಪರದೆ ಎತ್ತಿದರು. ಶಮೀನಾ ಕುಂಟುತ್ತಾ ಹೋಗಿ ಮಂಚದ ಪಕ್ಕ ನಿಂತು, ವೈದ್ಯರು ಕೊಟ್ಟದ್ದು ಎಚ್ಚರವಾಗದ ನಿದ್ದೆ, ಈಗ ಇವನನ್ನು ಎಬ್ಬಿಸಲು ನಾನೇ ಬರಬೇಕಾಯಿತು ಎಂದು ಜನರಿಗೆ ತಿಳಿಸಿದಳು. ನಾನು ಗಡಿಬಿಡಿಯಲ್ಲಿ ಕೀಬೋರ್ಡಿನ ಮೇಲೆ ಕೈ ಇಟ್ಟೆ. ಅವಳು ಹಿಡಿದದ್ದು ನಮ್ಮ ರಾಗವೇ ಅಲ್ಲ! ಸಾಲುಗಳು ನನ್ನವು, ರಾಗ ಅವಳ ಅಜ್ಜಿ ಮದುವೆಮನೆಗಳಲ್ಲಿ ಹಾಡುತ್ತಿದ್ದದ್ದು ಎಂದು ಆಮೇಲೆ ತಿಳಿಯಿತು. ನಾನು ಮೆಲ್ಲಗೆ ಕೈ ತೆಗೆದೆ. ಮೈದಾನದಲ್ಲಿ ಚುರುಮುರಿ ತಿನ್ನುತ್ತಿದ್ದವರೂ ತಿನ್ನುವುದನ್ನು ನಿಲ್ಲಿಸಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಫ್ಯಾನಿನ ಧೂಳು ಎಂದು ಪಕ್ಕದವರಿಗೆ ಹೇಳಿದೆ.

ಹಾಡು ಮುಗಿದಾಗ ಬಿದ್ದ ಚಪ್ಪಾಳೆಗೆ ರಕ್ಷಿತ ಬೆಚ್ಚಿ ಎದ್ದು ಕುಳಿತ. ಸುತ್ತ ನೋಡಿದ. ಕರ್ತವ್ಯ ನೆನಪಾಯಿತು.

"ನನಗೆ ನಿದ್ದೆಯೇ ಬರುತ್ತಿಲ್ಲ" ಎಂದ.

ಜನ ನಕ್ಕದ್ದು ಹೇಗೆಂದರೆ, ಮುಖ್ಯ ಅತಿಥಿಗಳಿಗೆ ಯಾರೋ ನೀರು ತಂದು ಕೊಡಬೇಕಾಯಿತು. ಸಂಚಾಲಕರು ಬಂದು, ಇಷ್ಟು ಒಳ್ಳೆಯ ಹಾಸ್ಯ ನಾಟಕವನ್ನು ನಿಮ್ಮಿಂದ ನಿರೀಕ್ಷಿಸಿರಲಿಲ್ಲ, ಚಿಕ್ಕದಾಗಿಯೂ ಇತ್ತು ಎಂದು ಅಭಿನಂದಿಸಿದರು. ಬರೆದಿಟ್ಟ ಉಳಿದ ಐದು ಹಾಡುಗಳ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಶಮೀನಾಳ ತಂದೆ ಹತ್ತಿರ ಬಂದರು. "ಒಳ್ಳೆಯದು ಕಲಿಸಿದ್ದೀರಿ ಟೀಚರ್" ಎಂದರು. ನಾನು ಅದನ್ನೂ ವಿನಯದಿಂದ ಸ್ವೀಕರಿಸಿದೆ.

ಮನೆಗೆ ಹೋಗುವಾಗ ಸ್ಕೂಟರ್ ನನ್ನವರು ಓಡಿಸಿದರು.

"ಆ ಕೊನೆಯ ಹಾಡಿನ ರಾಗ ನಿನ್ನದಾ?" ಎಂದು ಕೇಳಿದರು.

ಅಲ್ಲ ಎಂದೆ.

"ನಾನೂ ಹಾಗೇ ಅಂದುಕೊಂಡೆ" ಎಂದರು. "ತುಂಬ ಚೆನ್ನಾಗಿತ್ತು."