ಬೆಕ್ಕನ್ನು ನಗಿಸಹೊರಟ ವೀರ

ಬೆಕ್ಕು ಮನೆಗೆ ಬಂದಾಗಿನಿಂದ ಫೋಟೋಗ್ರಾಫರನಿಗೆ ಊಟ ಸೇರುತ್ತಿರಲಿಲ್ಲ. ತಟ್ಟೆಯಿಂದ ತಲೆಯೆತ್ತಿದರೆ ಎದುರು ಕುರ್ಚಿಯಲ್ಲಿ ಅದರ ಮುಖ. ಚಪ್ಪಟೆ ಮೂಗು, ಜೋತುಬಿದ್ದ ಬಾಯಿ, ಗೋಲಿಯಂಥ ಕಣ್ಣು. ಸೃಷ್ಟಿಯಲ್ಲೇ ಏನೋ ಲೋಪ ಕಂಡುಹಿಡಿದು, ಅದಕ್ಕೆಲ್ಲ ನೀನೇ ಹೊಣೆ ಎಂದು ತೀರ್ಪು ಬರೆದಿಟ್ಟ ಹಾಗೆ ನೋಡುತ್ತಿತ್ತು.

ತಂದವನು ಅವನೇ. ಎಕ್ಸಾಟಿಕ್ ಶಾರ್ಟ್‌ಹೇರ್ ಎಂಬ ಉಚ್ಚ ಕುಲದ ಕುಡಿ; ಪರ್ಷಿಯನ್ ಬೆಕ್ಕಿನದೇ ದುಂಡು ಮುಖ, ಆದರೆ ಗಿಡ್ಡ ಕೂದಲು. "ಉದ್ದ ಕೂದಲಿನದಾದ್ರೆ ಸ್ಟುಡಿಯೋ ಪರದೆಗೆಲ್ಲ ಅಂಟುತ್ತೆ. ಇದು ಮಕ್ಕಳ ಪಕ್ಕ ಕೂತರೆ ಸಾಕು, ತಾವಾಗೇ ನಗ್ತವೆ" ಎಂದು ಹೆಂಡತಿಗೆ ಕೊಚ್ಚಿಕೊಂಡಿದ್ದ. ಪಕ್ಕ ಕೂತ ಮೊದಲ ಮಗು ಅದರ ಮುಖ ನೋಡಿದ್ದೇ ಕಿಟಾರನೆ ಕಿರುಚಿ, ಒಂದು ಚಪ್ಪಲಿ ಬಿಟ್ಟು ಓಡಿತು.

ಇದೇನು ಸಣ್ಣ ಅವಮಾನವೆ? 'ಇಲ್ಲಿ ನಗದೆ ಹೋದವರಿಲ್ಲ' ಎಂದು ಸ್ಟುಡಿಯೋ ಬೋರ್ಡಿನ ಮೇಲೆ ಬರೆಸಿಕೊಂಡಿದ್ದ ಮಹಾಶಯ ಅವನು. ಪಾಸ್‌ಪೋರ್ಟ್ ಫೋಟೋಗೆ ಬಂದವರೂ ಹಲ್ಲು ಕಿರಿದು, ಆ ಫೋಟೋ ನಡೆಯದೆ ಮತ್ತೆ ತೆಗೆಸಲು ಬರುತ್ತಿದ್ದರು (ವ್ಯಾಪಾರಕ್ಕೂ ಒಳ್ಳೆಯದೇ). ಅವನು ಸೋತದ್ದು ಹೆಂಡತಿಯ ಎದುರು ಮಾತ್ರ. ಮದುವೆಯ ಆಲ್ಬಮ್ಮಿನಿಂದ ಇಲ್ಲಿಯವರೆಗೆ, ಕ್ಯಾಮೆರಾ ಕಂಡ ಕೂಡಲೆ ಅವಳ ಮುಖ ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಬಂದವರದ್ದಾಗುತ್ತಿತ್ತು. ಮುಖದ ಸ್ನಾಯುವಿನಲ್ಲೇ ದೋಷವಿರಬೇಕೆಂದು ಅವನು ಸಮಾಧಾನ ಮಾಡಿಕೊಂಡಿದ್ದ (ಮನಸ್ಸಿನಲ್ಲಿ, ಬಾಯಿಬಿಟ್ಟಲ್ಲ).

"ರೀ, ಆ ಬೋರ್ಡು ಅಳಿಸಿಬಿಡಿ. ಮನೆ ಬೆಕ್ಕನ್ನೇ ನಗಿಸೋಕೆ ಆಗಲ್ಲ ನಿಮ್ಮ ಕೈಲಿ."

"ಯಾರೇ ಹೇಳಿದ್ದು? ಭಾನುವಾರದೊಳಗೆ ನಗಿಸಿ ತೋರಿಸ್ತೀನಿ! ಇಲ್ಲಾಂದ್ರೆ ಬದುಕಿರೋವರೆಗೂ ಅದು ಕಕ್ಕ ಮಾಡೋ ಮರಳಿನ ಟ್ರೇ ನಾನೇ ತೊಳೀತೀನಿ."

"ಬ್ರಷ್ಷು ಬಚ್ಚಲಲ್ಲಿದೆ. ಈಗಲೇ ನೋಡಿಟ್ಕೊಳ್ಳಿ."

ಶುರುವಾಯಿತು ಮಾರ್ಜಾಲಸೇವೆ. ಚಪ್ಪಟೆ ಮೂಗಿನ ಈ ಕುಲಕ್ಕೆ ಕಣ್ಣು ಸದಾ ಒಸರುತ್ತದೆಂದು ತಿಳಿದು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ. ತಿಂದದ್ದರಲ್ಲಿ ಅರ್ಧ ಹಣೆಗೇರುತ್ತದೆಂದು ತಿಳಿದು ಅದನ್ನೂ ಒರೆಸಿದ. ಬೆಕ್ಕೇನೋ ಅವನಿಗೆ ಒಲಿಯಿತು. ಕೋಣೆಯಿಂದ ಕೋಣೆಗೆ ಹಿಂಬಾಲಿಸಿ, ಪಾದದ ಮೇಲೆ ಕೂತು, ಅವನಿಗಿಂತ ಜೋರಾಗಿ ಗೊರಕೆ ಹೊಡೆಯಿತು. ಮುಖ ಮಾತ್ರ ಅದೇ ಮುಖ.

ಭಾನುವಾರ ಬಂತು. ವೀರನು ತಲೆಗೆ ಸ್ನಾನದ ಟೋಪಿ ಧರಿಸಿ, ಧೂಳು ಹೊಡೆಯುವ ಗರಿಗಳ ಕುಂಚವನ್ನು ಹಲ್ಲಲ್ಲಿ ಕಚ್ಚಿ, ನಾಲ್ಕೂ ಕಾಲಲ್ಲಿ (ಎರಡು ಕೈ ಸೇರಿ) ಸೋಫಾ ಸುತ್ತ ದಂಡಯಾತ್ರೆ ಹೊರಟ. ಬೆಕ್ಕು ಆಕಳಿಸಿತು. ಅವನು ಕೋಳಿಯಂತೆ ಕೂಗಲು ಬಾಯಿ ತೆರೆದ. ಕುಂಚ ಬಿತ್ತು, ಅದರ ಮೇಲೆ ಕೈ ಜಾರಿತು, ಭುಜದವರೆಗೆ ಸೋಫಾದಡಿ ಹೊಕ್ಕು ಸಿಕ್ಕಿಕೊಂಡ.

ಆಗ ಕೇಳಿಸಿತು, ನಗು! ಕಿಸಕ್ಕನೆ ಶುರುವಾಗಿ, ತಡೆಯಲಾರದೆ, ಗೋಡೆ ಹಿಡಿದು ನಗುವ ನಗು. ಹೇಗೋ ತಲೆ ಕಿತ್ತುಕೊಂಡು ನೋಡಿದರೆ ಹೆಂಡತಿ! ಕಣ್ಣಲ್ಲಿ ನೀರು, ಮುಖವೆಲ್ಲ ಹಲ್ಲು. ಇಷ್ಟು ವರ್ಷ ಬೇಡಿದರೂ ಸಿಗದ ಫೋಟೋ ಅದು.

"ಹಾಗೇ ಇರೇ, ಅಲ್ಲಾಡಬೇಡ! ಕ್ಯಾಮೆರಾ ಎಲ್ಲಿ? ನನ್ನ ಕ್ಯಾಮೆರಾ ಎಲ್ಲಿ?"

"ಇಲ್ಲಿದೆ," ಎಂದು ಅವಳು ಕ್ಲಿಕ್ಕಿಸಿದಳು.

ಕೊನೆಯ ಆಸೆಯಿಂದ ಬೆಕ್ಕು ಮಾರಿದಾಕೆಗೆ ಫೋನಾಯಿಸಿದ. "ಅಯ್ಯೋ ಸಾರ್, ಅದರ ಮುಖವೇ ಹಾಗೆ. ನಿಮ್ಮ ಹಿಂದೆಹಿಂದೆ ಬರುತ್ತಾ? ಹಾಗಾದ್ರೆ ಅದು ನಗ್ತಾನೇ ಇದೆ ಅನ್ಕೊಳ್ಳಿ."

"ಕೇಳಿದ್ಯಾ? ನಗ್ತಾ ಇದೆಯಂತೆ! ಗೆದ್ದೆ!"

"ಅದೇ ಮುಖ ಹೊತ್ಕೊಂಡೇ ತಾನೆ ಅದು ಬಂದದ್ದು? ನೀವು ನಗಿಸಿದ್ದು ನನ್ನನ್ನ. ಪಂದ್ಯ ನನ್ನ ಮೇಲೆ ಕಟ್ಟಬೇಕಿತ್ತು."

ಈಗ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಒಂದು ದೊಡ್ಡ ಫೋಟೋ ಇದೆ. ಸ್ನಾನದ ಟೋಪಿಯಲ್ಲಿ ಮಾಲೀಕ, ಹಿಂದೆ ತೀರ್ಪು ಓದುತ್ತಿರುವ ಬೆಕ್ಕು. ಮಕ್ಕಳು ಒಳಗೆ ಕಾಲಿಡುವ ಮೊದಲೇ ಬಿದ್ದು ಬಿದ್ದು ನಗುತ್ತವೆ. ತೆಗೆದವರು ಯಾರು ಎಂದು ಗಿರಾಕಿಗಳು ಕೇಳುತ್ತಾರೆ, ಮುಂದಿನ ಸಲ ಅವರೇ ಬೇಕಂತೆ. ಉತ್ತರ ಹೇಳಬೇಕಾದ ಮಾಲೀಕ ಬಚ್ಚಲಲ್ಲಿರುತ್ತಾನೆ, ಕೈಯಲ್ಲಿ ಬ್ರಷ್ಷು.