ಇಲ್ಲಿ ಲಾಳ ಇದೆ!

ಜನ ಮಲ್ಲಿಗೆ ನೋಡಿ ಮರುಳಾಗುತ್ತಾರೆ. ನಮ್ಮ ಸೋದರಮಾವ ಮೋರಿ ನೋಡಿ ಮರುಳಾದವರು! ರಾಮಮೂರ್ತಿ ನಗರದಲ್ಲಿ ಅವರ ಮನೆಯ ಹಿಂದೆ ಅರ್ಧ ಮುಚ್ಚಿಹೋದ ಕೆರೆಯ ಜೌಗು. ಅದರ ತುಂಬ ಎರಡಾಳೆತ್ತರದ ಲಾಳದ ಕಡ್ಡಿಯ ಪೊದೆ; ಜೊಂಡಿನಂಥ ಹುಲ್ಲದು, ಮಾವನ ಬಾಯಲ್ಲಿ ಬರೀ 'ಲಾಳ'. ಮಾವ ದಿನಾ ಸಂಜೆ ಪಂಚೆ ಎತ್ತಿ ಕಟ್ಟಿ ಅದರೊಳಗೆ ಇಳಿಯುತ್ತಿದ್ದರು.

"ಕೊಳಚೆ ನೀರು ಬಿಟ್ರಾ? ಜೊಂಡು ಬಂತು! ಕಟ್ಟಡದ ಮಣ್ಣು ಸುರಿದ್ರಾ? ಲಾಳ ಬಂತು! ಈ ಊರೋರು ಏನೇ ಹಾಳು ಮಾಡ್ಲಿ, ಯಾವ್ದೋ ಒಂದು ಗಿಡ ಬಂದು ಸುಧಾರಿಸ್ಕೊಳ್ಳುತ್ತೆ ಕಣೋ!"

ಅತ್ತೆಗೆ ಮೈಯೆಲ್ಲ ಉರಿ. "ಊರಿಗೆಲ್ಲ ಸೊಳ್ಳೆ ಸಾಕ್ತಿದ್ದೀರಿ! ಅದರ ಜೊತೇಲೇ ಸಂಸಾರ ಮಾಡಿ, ಹೋಗಿ."

ತೊಂಬತ್ತರ ದಶಕದ ಕೊನೆ. ಜೌಗು ಸಮತಟ್ಟು ಮಾಡಲು ಸೋಮವಾರ ಬುಲ್ಡೋಜರ್ ಬರುತ್ತದೆಂಬ ಸುದ್ದಿ ಬಂತು. ಮಾವ ಊಟ ಬಿಟ್ಟರು. ಹಳೇ ತಗಡಿನ ಮೇಲೆ ದಪ್ಪಕ್ಕೆ ಬರೆದು ರಸ್ತೆ ಬದಿಗೆ ನೆಟ್ಟರು: "ಇಲ್ಲಿ ಲಾಳ ಇದೆ." 'ಕೀಳಬೇಡಿ' ಎಂದು ಬರೆಯುವಷ್ಟರಲ್ಲಿ ಬಣ್ಣ ಮುಗಿದಿತ್ತು!

ಮರುದಿನ ಬೋರ್ಡು ನೋಡಿ ಬಂದವರು ಯಾರು? ಜಟಕಾ ಸಾಬರು, ಕುಂಟುವ ಕುದುರೆಯ ಸಮೇತ!

"ಲಾಳ ಎಲ್ಲಿ ಸಾರ್? ಘೋಡಾದು ಹಿಂದಿನ ಕಾಲಿಂದು ಬಿದ್ದೋಗಿದೆ. ಟಿನ್ ಫ್ಯಾಕ್ಟರಿಯಿಂದ ಹಿಂಗೇ ಬಂದಿದೀವಿ."

ಮಾವ ಹೆಮ್ಮೆಯಿಂದ ಪೊದೆ ತೋರಿಸಿದರು. "ಇದೇ! ಎಷ್ಟು ಬೇಕು?"

"ಅರೇ, ಇದು ಹುಲ್ಲಲ್ವಾ ಸಾರ್!"

ವಾದ ಮುಗಿಯುವ ಮೊದಲೇ ಕುದುರೆ ಎಳೆ ಚಿಗುರು ಮೇಯತೊಡಗಿತ್ತು. "ನೋಡಿದ್ರಾ? ಕುದುರೆಗೇ ಗೊತ್ತು!" ಎಂದು ಮಾವ ಚಪ್ಪಾಳೆ ತಟ್ಟಿದರು.

ಸೋಮವಾರ ಬುಲ್ಡೋಜರ್ ಬಂದೇ ಬಂತು. ಮಾವನ ಉದ್ದದ ಭಾಷಣಕ್ಕೆ ಡ್ರೈವರ್ ಹೇಳಿದ್ದು ಇಷ್ಟೇ: "ಸೈಡಿಗೆ ಬನ್ನಿ ಸಾರ್." ಗದ್ದಲ ಕೇಳಿ ಅತ್ತೆ ಹೊರಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ! ಪೊದೆ ಕೀಳುವುದನ್ನು ಕೂತು ನೋಡಿ ಸಂತೋಷಪಡಲು ಬಂದರೆಂದುಕೊಂಡೆ. ಅವರು ಸೀದಾ ಹೋಗಿ ಬುಲ್ಡೋಜರ್ ಮುಂದೆಯೇ ಕುರ್ಚಿ ಹಾಕಿ ಕೂತುಬಿಟ್ಟರು.

"ನಿಮ್ಗ್ಯಾಕಮ್ಮ ಈ ಹುಲ್ಲು?" ಡ್ರೈವರ್ ಬೇಡಿಕೊಂಡ.

"ನಂಗೆ ಹುಲ್ಲೂ ಬೇಡ, ಸೊಳ್ಳೇನೂ ಬೇಡಪ್ಪ. ನಮಗೆ ಮಕ್ಕಳಿಲ್ಲ. ಇಷ್ಟು ವರ್ಷ ದಿನಾ ಸಂಜೆ ಇವರು ಇಲ್ಲಿಂದ ಬಂದು, ಇವತ್ತು ಏನು ಚಿಗುರಿತು ಅಂತ ನಂಗೆ ಹೇಳ್ತಾರೆ. ನಾನು ಬೈತೀನಿ. ನಮ್ಮನೇಲಿ ಮಾತು ಅಂತ ಇರೋದು ಅದೊಂದೇ. ಇದನ್ನ ತೆಗೆದ್ರೆ ನಾವಿಬ್ರು ಏನಪ್ಪ ಮಾತಾಡೋದು?"

ಡ್ರೈವರ್ ಎಂಜಿನ್ ಆರಿಸಿದ. ಮಾವ ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು, ಅತ್ತೆಯ ಪಕ್ಕದಲ್ಲಿ ಹಾಕಿಕೊಂಡು ಕೂತರು.